ಮಣ್ಣೆತ್ತಿನ ಅಮಾವಾಸ್ಯೆಗೊಂದು ಟ್ರ್ಯಾಕ್ಟರು

ಯಾವ ವಸ್ತುವನ್ನಾದರೂ ಬಣ್ಣದಿಂದಲೇ ಗುರುತು ಹಿಡಿಯುವ ಮಂದಿ ಕೆಲವರಿರುತ್ತಾರೆ. ನಾನು ಆ ಪೈಕಿ. ಇದೇನು ಹೇಳಿಕೊಂಡು ತಿರುಗುವಂಥ ಗುಣವಲ್ಲ ಎಂದು ನನಗೂ ಗೊತ್ತು. ಔಷಧದ ಅಂಗಡಿಗೆ ಹೋಗಿ 'ಆ ಗುಲಾಬಿ ಗುಳಿಗೆ ಕೊಡಿ' ಎಂದು ಕೇಳಿ ಅಂಗಡಿಯವನಿಂದ ಉಪದೇಶ ಕೇಳಿಸಿಕೊಂಡಿದ್ದೇನೆ. ಸುಲ್ತಾನ್ ಬಜಾರಿನ ಗದ್ದಲದಲ್ಲಿ ಹೆಂಡತಿಯ ಸೀರೆಯ ನೀಲಿಯನ್ನು ನಂಬಿ, ಎರಡು ಕೈಯಲ್ಲೂ ಚೀಲ ಹಿಡಿದುಕೊಂಡು, ಬೇರೆ ಯಾರದೋ ಹಿಂದೆ ಬಹಳ ದೂರ ವಿಧೇಯನಾಗಿ ನಡೆದಿದ್ದೇನೆ. ಆ ಮಹಾತಾಯಿ ತಿರುಗಿ ನಿಂತು ತೆಲುಗಿನಲ್ಲಿ ವಿಚಾರಿಸಿಕೊಂಡಾಗಲೇ ನನಗೆ ಬಣ್ಣದ ಮಿತಿ ತಿಳಿದದ್ದು. ಟ್ರ್ಯಾಕ್ಟರುಗಳ ವಿಷಯದಲ್ಲಂತೂ ನನ್ನ ವಿದ್ಯೆಯೆಲ್ಲ ಬಣ್ಣದ್ದೇ. ಕೆಂಪು ಟ್ರ್ಯಾಕ್ಟರು, ನೀಲಿ ಟ್ರ್ಯಾಕ್ಟರು, ಬೂದು ಟ್ರ್ಯಾಕ್ಟರು. ಇವುಗಳಾಚೆ ಟ್ರ್ಯಾಕ್ಟರುಗಳಲ್ಲಿ ಭೇದವಿದೆ ಎಂದು ನನಗೆ ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಸರ್ಕಾರಿ ಕಚೇರಿಯಲ್ಲಿ ಕೂತು ಕಡತ ಮಗುಚುವವನಿಗೆ ಇಷ್ಟು ಸಾಕಾಗಿತ್ತು. ಆದರೆ ಒಂದು ವರ್ಷ ಎರೆಮಣ್ಣಿನಲ್ಲಿ ಟ್ರ್ಯಾಕ್ಟರು ಮಾಡಬೇಕಾದ ಪ್ರಸಂಗ ಬಂತು. ಎರೆಮಣ್ಣಿನಲ್ಲಿ ಯಾವ ಟ್ರ್ಯಾಕ್ಟರು ಮಾಡಿದರೂ ಅದು ಕಪ್ಪಗೇ ಇರುತ್ತದೆ.

ಟ್ರ್ಯಾಕ್ಟರನ್ನು ಮಣ್ಣಿನಲ್ಲಿ ಯಾಕೆ ಮಾಡಬೇಕು ಎಂದು ನೀವು ಕೇಳುವುದು ಸಹಜ. ಗುಲ್ಬರ್ಗಾ ಕಡೆಯ ನಮ್ಮ ಊರುಗಳಲ್ಲಿ ಕಾರಹುಣ್ಣಿಮೆ ಮುಗಿದು ಬರುವ ಅಮಾವಾಸ್ಯೆಯ ದಿನ ಮಣ್ಣಿನ ಜೋಡೆತ್ತು ಮಾಡಿ ಪೂಜಿಸುತ್ತಾರೆ. ಎದುರಿಗೆ ಮಣ್ಣಿನದೇ ಮೇವಿನ ಗೋದಲಿ, ಎಡೆಗೆ ಹೋಳಿಗೆ. ನಮ್ಮ ತಂದೆಯ ಕಾಲಕ್ಕೇ ನಾವು ಹೈದರಾಬಾದಿಗೆ ಬಂದು ನೆಲೆಸಿದವರು. ಹೊರಗೆ ತೆಲುಗು, ಕಚೇರಿಯಲ್ಲಿ ಹಿಂದಿ, ತಾರ್ನಾಕದ ಮನೆಯ ಹೊಸ್ತಿಲು ದಾಟಿ ಒಳಗೆ ಬಂದರೆ ಜೋಳದ ರೊಟ್ಟಿ ಮತ್ತು ಮಣ್ಣೆತ್ತು. ಊರಲ್ಲಾದರೆ ಎತ್ತುಗಳನ್ನು ಕುಂಬಾರರು ಮನೆಗೇ ತಂದು ಕೊಡುತ್ತಾರೆ. ಇಲ್ಲಿ ಆ ಹಬ್ಬವೇ ಗೊತ್ತಿಲ್ಲವಾದ್ದರಿಂದ ಊರಿಂದ ಬರುವ ಯಾರಾದರೂ ಒಂದು ಚೀಲ ಎರೆಮಣ್ಣು ತರುವುದು, ಅದನ್ನು ನಾನು ನಾದಿ ಎತ್ತು ಮಾಡುವುದು ವಾಡಿಕೆ. ನನ್ನ ಎತ್ತುಗಳು ಕೋಡಿಟ್ಟ ಮೇಲಷ್ಟೇ ಎತ್ತುಗಳಾಗುತ್ತಿದ್ದವು. ಅಲ್ಲಿಯತನಕ ಅವು ಏನೆಂಬುದನ್ನು ನನ್ನ ಹೆಂಡತಿ ಶಾಂತಾ ಒಂದೊಂದು ವರ್ಷ ಒಂದೊಂದು ಪ್ರಾಣಿಯ ಹೆಸರು ಹೇಳಿ ಊಹಿಸುತ್ತಿದ್ದಳು.

ಆ ವರ್ಷ ನಮ್ಮ ಮನೆಗೆ ನೀಲತ್ತಿ ಬಂದಿದ್ದಳು. ನನ್ನ ತಂದೆಯ ತಂಗಿ. ಕಣ್ಣಿನ ಪೊರೆ ತೆಗೆಸಲು ಹೈದರಾಬಾದೇ ಆಗಬೇಕೆಂದು ಊರಿನವರೆಲ್ಲ ಹೇಳಿದ್ದರಿಂದ ಬಂದವಳು. ಗಂಡ ತೀರಿಕೊಂಡಾಗ ನೀಲತ್ತಿಗೆ ಇನ್ನೂ ಸಣ್ಣ ವಯಸ್ಸು. ಹೊಲ ಲಾವಣಿಗೆ ಹಾಕು, ಬೇರೆಯವರು ಉಳಲಿ ಎಂದು ಹಿರಿಯರೆಲ್ಲ ಕೂತು ಬುದ್ಧಿ ಹೇಳಿದ ಮರುವಾರವೇ ಎತ್ತು ಮಾರಿ, ಯಾರೋ ಬಳಸಿ ಬಿಟ್ಟಿದ್ದ ಹಳೆಯ ವಿಲಾಯತಿ ಟ್ರ್ಯಾಕ್ಟರು ತಂದು ಅಂಗಳದಲ್ಲಿ ನಿಲ್ಲಿಸಿದ ಹೆಂಗಸು ಅವಳು. ಡ್ರೈವರನನ್ನು ನಂಬದೆ ಉಳುಮೆಯ ದಿನ ತಾನೇ ಜೊತೆಗೆ ಹೋಗುತ್ತಿದ್ದಳು. ಅಂಥವಳಿಗೆ ಕಣ್ಣಿನ ಡಾಕ್ಟರು ಆಪರೇಷನ್ ಮುಗಿಸಿ ಎರಡೂ ಕಣ್ಣಿಗೆ ಹಸಿರು ಪಟ್ಟಿ ಕಟ್ಟಿ ನಿಯಮಗಳನ್ನು ಹೇಳಿದರು. ಬಗ್ಗಬಾರದು, ಒಲೆಯ ಹೊಗೆಗೆ ಹೋಗಬಾರದು, ಮಣ್ಣು ಮುಟ್ಟಬಾರದು, ಅಳಬಾರದು. ನಾನು ಒಂದೊಂದನ್ನೂ ಕನ್ನಡಕ್ಕೆ ತಿರುಗಿಸಿ ಹೇಳಿದೆ. ಅತ್ತಿ ಕೊನೆಯದನ್ನು ಕೇಳಿ, "ಅಳೂದು ನನಗ ರೂಢಿ ಇಲ್ಲಂತ ಹೇಳು ಅವರಿಗೆ" ಎಂದಳು.

ಅಮಾವಾಸ್ಯೆಗೆ ಇನ್ನೂ ಕೆಲವು ವಾರಗಳಿರುವಾಗ ಅತ್ತಿಯ ಮಗ ಬಸವರಾಜ ಮಣ್ಣಿನ ಚೀಲ ಹೊತ್ತುಕೊಂಡು ಊರಿಂದ ಬಂದ. ಚಹಾ ಕುಡಿದವನೇ ನನ್ನನ್ನು ಗ್ಯಾಲರಿಗೆ ಕರೆದುಕೊಂಡು ಹೋಗಿ, ಬಾಗಿಲು ಅರ್ಧ ಮುಚ್ಚಿ, ಪಿಸುಗುಟ್ಟಿದ. ಹೊಸ ಟ್ರ್ಯಾಕ್ಟರು ತಗೊಂಡಿದ್ದಾನಂತೆ. ಹಳೆಯದನ್ನು ಗುಜರಿಯವನಿಗೆ ಕೊಟ್ಟನಂತೆ. ಅವನು ಅದನ್ನು ಅಂಗಳದಲ್ಲೇ ಬಿಚ್ಚಿ ಲಾರಿಗೆ ತುಂಬಿಕೊಂಡು ಹೋದನಂತೆ. "ಅವ್ವಗ ಈಗ ಹೇಳಬ್ಯಾಡ ಮಾವಾ. ಕಣ್ಣಿಗೆ ತ್ರಾಸ ಆಗ್ತೈತಿ. ಪಟ್ಟಿ ಬಿಚ್ಚಿದ ಮ್ಯಾಲ ಹೇಳೂಣು" ಎಂದ. ನಾನು ತಲೆಯಾಡಿಸಿದೆ. ಕಣ್ಣು ಕಟ್ಟಿದವರ ಕಿವಿ ಎಷ್ಟು ಚುರುಕಾಗುತ್ತದೆ ಎಂಬುದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ. ಒಳಗಿನಿಂದ ಅತ್ತಿಯ ಧ್ವನಿ ಬಂತು.

"ಬಸೂ, ಒಳಗ ಬಾ. ಗ್ಯಾಲರ್‍ಯಾಗ ನಿಂತು ಸೊಳ್ಳಿ ಕಡಿಸ್ಕೋಬ್ಯಾಡ."

ಬಸವರಾಜ ಒಳಗೆ ಹೋಗಿ ಗೋಡೆಗೆ ಒರಗಿ ನಿಂತ. ಅತ್ತಿ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತಿದ್ದಳು. ಆಮೇಲೆ ನನ್ನ ಕಡೆ ಮುಖ ತಿರುಗಿಸಿ, "ಈ ತಿಂಗಳ ಅಳಾಕ ಡಾಕ್ಟರು ಬ್ಯಾಡ ಅಂದಾರ. ಈ ಸಲ ಎತ್ತು ಬ್ಯಾಡ ತಮ್ಮಾ, ನಮ್ಮ ಟ್ರ್ಯಾಕ್ಟರ ಮಾಡು. ಎತ್ತು ಮಾರಿ ಎಷ್ಟು ವರ್ಷ ಆತು. ನಮ್ಮ ಹೊಲಾ ಉತ್ತದ್ದು ಅದು. ಒಂದು ಸಲಾನೂ ಅದಕ್ಕ ಎಡಿ ಹಿಡಿದಿಲ್ಲ. ಒಮ್ಮೆ ಪೂಜಿ ಮಾಡಿ ಕಳಿಸ್ತೀನಿ" ಎಂದಳು. ನಾನು ಹೂಂ ಎಂದುಬಿಟ್ಟೆ. ಒಂದು ಎತ್ತನ್ನೇ ಎತ್ತಿನಂತೆ ಮಾಡಲು ಬಾರದವನು ನಾನು ಎಂಬುದು ಹೂಂ ಎಂದ ಮೇಲೆ ನೆನಪಾಯಿತು. ಆದರೆ ಅವತ್ತೇ ನಿಶ್ಚಯಿಸಿದೆ: ಮಾಡಿದರೆ ನೀಲತ್ತಿಯ ಟ್ರ್ಯಾಕ್ಟರನ್ನೇ ಮಾಡುವುದು, ಯಾವುದೋ ಒಂದು ಟ್ರ್ಯಾಕ್ಟರನ್ನಲ್ಲ.

ಮೊದಲನೆಯದು ಭಾನುವಾರ ಬೆಳಿಗ್ಗೆ ತಯಾರಾಯಿತು. ಒಂದು ಉದ್ದನೆಯ ಮುದ್ದೆ, ನಾಲ್ಕು ಚಕ್ರ, ಮೇಲೊಂದು ಸ್ಟಿಯರಿಂಗು. ಶಾಂತಾ ಸೌಟು ಹಿಡಿದುಕೊಂಡೇ ಬಂದು ನೋಡಿ, "ಸಿಟಿ ಬಸ್ ಚಲೋ ಆಗೈತ್ರಿ" ಎಂದು ಹೇಳಿ ಒಳಗೆ ಹೋದಳು. ನಾನು ಅದನ್ನು ಮತ್ತೆ ಮುದ್ದೆ ಮಾಡಿದೆ. ಅತ್ತಿಯನ್ನೇ ಕೇಳಿದರಾಯಿತು ಎಂದು ಹೋಗಿ ಕೂತು, ನಮ್ಮ ಟ್ರ್ಯಾಕ್ಟರು ಹೇಗಿತ್ತು ಎಂದು ವಿಚಾರಿಸಿದೆ. ಅತ್ತಿ ಬಹಳ ಸಂತೋಷದಿಂದ ಹೇಳಿದಳು. ಮುಂಜಾನೆ ಎಬ್ಬಿಸಿದರೆ ಎರಡು ಸಲ ಕೆಮ್ಮುತ್ತಿತ್ತಂತೆ. ಬೇಸಿಗೆಯಲ್ಲಿ ಕಾಲಿಗೆ ಬಿಸಿ ಬಡಿಯುತ್ತಿತ್ತಂತೆ. ಏರು ಬಂದರೆ ಮುನಿಸಿಕೊಳ್ಳುತ್ತಿತ್ತು, ಇಳಿಜಾರಿಗೆ ಖುಷಿಯಾಗುತ್ತಿತ್ತು. ಇದರಲ್ಲಿ ಯಾವುದನ್ನು ಮಣ್ಣಿನಲ್ಲಿ ಮಾಡಲಿ. "ಮುಂದಿನ ಭಾಗ ಹ್ಯಾಂಗಿತ್ತತ್ತಿ?" ಎಂದರೆ, "ಅದರ ಮಾರಿ ನೋಡಾಕ ನನಗ ಎಲ್ಲಿ ಪುರಸೊತ್ತಿತ್ತು? ನನ್ನ ಲಕ್ಷ್ಯ ಎಲ್ಲಾ ಹಿಂದ ನೇಗಿಲ ಕಡೆ" ಎಂದಳು.

ಮನೆಯಲ್ಲಿ ಅದರ ಫೋಟೋ ಒಂದಿತ್ತು. ಟ್ರ್ಯಾಕ್ಟರು ಬಂದ ವರ್ಷ ನಮ್ಮ ಬಳಗವೆಲ್ಲ ಅದರ ಜೊತೆ ನಿಂತು ತೆಗೆಸಿಕೊಂಡದ್ದು. ನಮ್ಮ ಬಳಗದವರು ಫೋಟೋಕ್ಕೆ ನಿಂತರೆ ಹೇಗೆ ನಿಲ್ಲುತ್ತಾರೆ ಎಂದು ಗೊತ್ತಿದ್ದವರಿಗೆ ಬೇರೆ ಹೇಳಬೇಕಾಗಿಲ್ಲ. ಮದುವೆಯ ಫೋಟೋಗಳಲ್ಲೇ ಮದುಮಗ ಕಾಣುವುದಿಲ್ಲ. ಇದರಲ್ಲಿ ಒಂದು ಹಿಂದಿನ ಚಕ್ರದ ಅಂಚು, ಮತ್ತೆ ನಮ್ಮ ದೊಡ್ಡಪ್ಪನ ರುಮಾಲಿನಿಂದಲೇ ಹುಟ್ಟಿದಂತೆ ಮೇಲಕ್ಕೆ ನಿಂತ ಹೊಗೆಯ ಕೊಳವೆ, ಇಷ್ಟೇ ಟ್ರ್ಯಾಕ್ಟರು. ಉಳಿದದ್ದು ದೊಡ್ಡಪ್ಪಂದಿರು. ಮುಂದಿನ ಭಾನುವಾರ ಅಬಿಡ್ಸ್‌ಗೆ ಹೋಗಿ ಫುಟ್‌ಪಾತಿನ ಹಳೆಯ ಪುಸ್ತಕಗಳ ರಾಶಿಯಲ್ಲಿ ಕುಕ್ಕರಗಾಲಲ್ಲಿ ಕೂತು ಹುಡುಕಿದೆ. ಧೂಳು ಹಿಡಿದ ಒಂದು ವಿದೇಶಿ ಪುಸ್ತಕ ಸಿಕ್ಕಿತು. ಪುಟಪುಟಕ್ಕೂ ಹಳೆಯ ಟ್ರ್ಯಾಕ್ಟರುಗಳು, ಒಂದಕ್ಕೊಂದು ಸಂಬಂಧವೇ ಇಲ್ಲದಂಥವು. ಅದನ್ನು ತಂದು ಮನೆಯಲ್ಲಿ ಬಿಡಿಸಿ ಕೂತಾಗಲೇ ನನಗೆ ಮೊದಲ ಬಾರಿಗೆ ಗಾಬರಿಯಾಯಿತು.

ನಮ್ಮ ಕೆಳಗಿನ ಮನೆಯಲ್ಲಿ ರೆಡ್ಡಿಯವರಿದ್ದರು. ಕೃಷಿ ಕಾಲೇಜಿನಲ್ಲಿ ಬೇಸಾಯದ ಯಂತ್ರಗಳ ಪಾಠ ಹೇಳಿ ನಿವೃತ್ತರಾದ ಮೇಷ್ಟ್ರು. ನಿವೃತ್ತಿಯಾದ ಮೇಲೆ ಯಾರೂ ಅವರನ್ನು ಟ್ರ್ಯಾಕ್ಟರಿನ ಬಗ್ಗೆ ಕೇಳಿರಲಿಲ್ಲವೆಂದು ಕಾಣುತ್ತದೆ. ನಾನು ವಿಷಯ ಹೇಳಿದ ಕೂಡಲೇ ಅವರು ಲುಂಗಿ ಬಿಗಿದು ಕಟ್ಟಿಕೊಂಡು ನಮ್ಮ ಮನೆಗೇ ಬಂದುಬಿಟ್ಟರು. "ಯಾವ ಟ್ರ್ಯಾಕ್ಟರು ಅಂಡಿ ಮೀದಿ?" ಎಂದು ನಮ್ಮದರ ಜಾತಿ ಕೇಳಿದರು. ನಾನು, "ಬೂದು ಬಣ್ಣದ್ದು" ಎಂದೆ. ಅವರು ಕಣ್ಣು ಮುಚ್ಚಿಕೊಂಡರು. ಪರೀಕ್ಷೆಯ ಕಾಗದಗಳನ್ನು ತಿದ್ದುವಾಗಿನ ಹಳೆಯ ನೋವು ಅವರ ಮುಖದ ಮೇಲೆ ಬಂದು ಹೋಯಿತು. ಆಮೇಲೆ ಅವರು ತೆಲುಗಿನಲ್ಲಿ ಕೊಟ್ಟ ಉಪನ್ಯಾಸವನ್ನು ನನಗೆ ದಕ್ಕಿದಷ್ಟು ಹೇಳುತ್ತೇನೆ. ಬಣ್ಣವನ್ನು ಯಾರು ಬೇಕಾದರೂ ಬಳಿಯಬಹುದು, ಟ್ರ್ಯಾಕ್ಟರನ್ನು ಗುರುತಿಸಬೇಕಾದರೆ ಮುಂದಿನ ಚಕ್ರ ನೋಡಬೇಕು. ಕೆಲವು ಅಮೆರಿಕದವುಗಳಿಗೆ ಮುಂದಿನ ಎರಡೂ ಚಕ್ರ ಅಕ್ಕತಂಗಿಯರಂತೆ ಒಂದಕ್ಕೊಂದು ಅಂಟಿಕೊಂಡಿರುತ್ತವೆ, ಸಾಲಿನ ನಡುವೆ ಹೋಗಲಿ ಎಂದು. ಇಂಗ್ಲೆಂಡಿನವು ಗಿಡ್ಡ, ಮುಂದಿನ ಚಕ್ರ ಅಗಲ. ಜರ್ಮನಿಯ ಕೆಲವಕ್ಕೆ ಒಂದೇ ಸಿಲಿಂಡರು, ನಿಂತಲ್ಲೇ ಕುಣಿಯುತ್ತವೆ. ರಷ್ಯದ ದೊಡ್ಡವನ್ನು ಎಬ್ಬಿಸಲು ಅದರ ಹೊಟ್ಟೆಯಲ್ಲೇ ಇನ್ನೊಂದು ಸಣ್ಣ ಎಂಜಿನ್ ಇರುತ್ತದೆ, ಮೊದಲು ಅದನ್ನು ಹಗ್ಗ ಎಳೆದು ಎಬ್ಬಿಸಬೇಕು. ಕೆಲವನ್ನು ಪೆಟ್ರೋಲಿನಲ್ಲಿ ಎಬ್ಬಿಸಿ ಬಿಸಿಯಾದ ಮೇಲೆ ಸೀಮೆಎಣ್ಣೆಗೆ ಹೊರಳಿಸಬೇಕು. ನೇಗಿಲನ್ನು ಬರೀ ಎಳೆಯುವವು ಬೇರೆ, ಎತ್ತಿ ಹಿಡಿಯುವವು ಬೇರೆ. ಚಕ್ರದ ಮೇಲಿನ ಮಡ್‌ಗಾರ್ಡು ಕೆಲವಕ್ಕೆ ಚಿಪ್ಪಿನಂತೆ ದುಂಡಗೆ, ಕೆಲವಕ್ಕೆ ಪೀಠದಂತೆ ಚಪ್ಪಟೆ. ನಾನು ಕಚೇರಿಯಲ್ಲಿ ಮೇಲಧಿಕಾರಿಗಳೆದುರು ನಿಂತಂತೆ ಕೈಕಟ್ಟಿ ನಿಂತು ಎಲ್ಲವನ್ನೂ ಕೇಳಿದೆ.

"ಅಮ್ಮಗಾರು ಅದರ ಸದ್ದು ಹೇಳಲಿ" ಎಂದರು ರೆಡ್ಡಿಯವರು. ನಾನು ಅತ್ತಿಗೆ ತಿಳಿಸಿದೆ. ಪರಪುರುಷರ ಎದುರಿಗೆ ಟ್ರ್ಯಾಕ್ಟರಿನಂತೆ ಸದ್ದು ಮಾಡಲು ಅವಳು ಮೊದಲು ನಾಚಿಕೊಂಡಳು. ಆಮೇಲೆ ಸೆರಗು ಸರಿಮಾಡಿಕೊಂಡು, ನೆಟ್ಟಗೆ ಕೂತು, "ಡುಗ್ಗು ಡುಗ್ಗು ಡುಗ್ಗು... ಹಂ... ಡುಗ್ಗು ಡುಗ್ಗು ಡುಗ್ಗು... ಹಂ..." ಎಂದು ಶುರುಮಾಡಿದಳು. ರೆಡ್ಡಿಯವರು ಸಂಗೀತ ಕಚೇರಿಯಲ್ಲಿ ಕೂತವರಂತೆ ತೊಡೆಯ ಮೇಲೆ ತಾಳ ಹಾಕುತ್ತ ಕೇಳಿ, "ನಾಲ್ಕು ಸಿಲಿಂಡರು. ಅದರಲ್ಲಿ ಒಂದು ಕೆಲಸ ಮಾಡುತ್ತಿರಲಿಲ್ಲ" ಎಂದು ತೀರ್ಪು ಕೊಟ್ಟರು. ನಾನು ಅದನ್ನು ಕನ್ನಡದಲ್ಲಿ ಹೇಳಿದಾಗ ಅತ್ತಿಯ ಮುಖ ಅರಳಿತು. "ಹೌದ್ರೀ, ಕಡೀತನಕಾ ಮಾಡ್ಲಿಲ್ಲ ಅದು. ಮೂರರ ಮ್ಯಾಲ ಸಂಸಾರ ಮಾಡಿದ್ವಿ" ಎಂದಳು.

ಅಲ್ಲಿಗೆ ಇಂಗ್ಲೆಂಡಿನ ಗಿಡ್ಡ ಟ್ರ್ಯಾಕ್ಟರು ಎಂಬಷ್ಟು ನಿಕ್ಕಿಯಾಯಿತು. ಆದರೆ ಆ ಕಾಲದಲ್ಲಿ ಅಂಥವು ಎರಡು ತರಹ ಬರುತ್ತಿದ್ದವಂತೆ. ರೆಡ್ಡಿಯವರು ಪತ್ರಿಕೆಯ ಅಂಚಿನಲ್ಲಿ ಎರಡು ಮುಖ ಬರೆದು ತೋರಿಸಿದರು. ಒಂದಕ್ಕೆ ರೇಡಿಯೇಟರಿನ ಮುಂದೆ ಉದ್ದುದ್ದ ಕಂಬಿಗಳು, ಎರಡು ಕಡೆ ಕಿವಿಗಳಂತೆ ಲೈಟು. ಇನ್ನೊಂದಕ್ಕೆ ಬರೀ ಜಾಲರಿ, ಲೈಟು ಹಿಂದೆ ಮಡ್‌ಗಾರ್ಡಿನ ಮೇಲೆ. "ಯಾವುದು?" ಎಂದು ಕೇಳಿದರು. ಚಿತ್ರ ನೋಡಲು ಅತ್ತಿಗೆ ಕಣ್ಣಿಲ್ಲ, ಮುಂದಿನ ಭಾಗ ನೋಡಿಲ್ಲವೆಂದು ಮೊದಲೇ ಹೇಳಿದ್ದಳು. ಬಸವರಾಜ ಊರಿಗೆ ಹೋಗಿಬಿಟ್ಟಿದ್ದ, ಇದ್ದಾಗಲೂ ಆ ಟ್ರ್ಯಾಕ್ಟರಿನ ಹೆಸರೆತ್ತಿದರೆ ನೆಲ ನೋಡುತ್ತಿದ್ದ. ಉಳಿದದ್ದು ನನ್ನ ನೆನಪು. ಚಿಕ್ಕಂದಿನಲ್ಲಿ ಶಾಲೆಯ ಸೂಟಿಗೆ ಊರಿಗೆ ಹೋದಾಗಲೆಲ್ಲ ನೋಡಿದ ಟ್ರ್ಯಾಕ್ಟರು. ನಮ್ಮ ಊರಲ್ಲಿ ಆಗ ಇದ್ದದ್ದೇ ಎರಡು. ಒಂದು ನಮ್ಮದು, ಇನ್ನೊಂದು ಪಕ್ಕದ ಹೊಲದ ಗೌಡರದು. ಹೊಲದ ಬದುವಿನ ಜಗಳದಲ್ಲಿ ಆ ಗೌಡರಿಗೂ ನಮ್ಮ ಅತ್ತಿಗೂ ಮಾತು ನಿಂತು ಎಷ್ಟೋ ವರ್ಷಗಳಾಗಿದ್ದವು. ನಾನು ಕಣ್ಣು ಮುಚ್ಚಿ ನೆನಪಿಸಿಕೊಂಡೆ. ಬಂಡಿದಾರಿ, ಎರಡು ಕಡೆ ಜಾಲಿ, ನಡುವೆ ಟ್ರ್ಯಾಕ್ಟರಿನ ಮುಖ. ಕಂಬಿಗಳು ಕಂಡವು. ಕಿವಿಯಂಥ ಲೈಟುಗಳು ಕಂಡವು. "ಕಂಬಿ" ಎಂದೆ ರೆಡ್ಡಿಯವರಿಗೆ. "ಖಾತ್ರಿಯಾ?" ಎಂದರು. "ಖಾತ್ರಿ" ಎಂದೆ. ಬಣ್ಣ ಬಿಟ್ಟು ಬೇರೆ ಒಂದು ಗುರುತು ನನಗೆ ನೆನಪಿದ್ದದ್ದಕ್ಕೆ ನನ್ನ ಬಗ್ಗೆ ನನಗೇ ಹೆಮ್ಮೆಯಾಯಿತು.

ಆಮೇಲಿನ ದಿನಗಳಲ್ಲಿ ಕಚೇರಿಯಿಂದ ಬಂದು ಅಂಗಿ ಬಿಚ್ಚಿದವನು ಮಣ್ಣಿಗೆ ಕೂತರೆ ಊಟಕ್ಕೆ ಏಳುತ್ತಿದ್ದೆ. ಎರೆಮಣ್ಣಿನ ಸ್ವಭಾವ ಒಳ್ಳೆಯದಲ್ಲ. ಹಸಿಯಿದ್ದಾಗ ಕೈ ಬಿಡುವುದಿಲ್ಲ, ಒಣಗಿತೋ ಬಾಯಿ ಬಿಡುತ್ತದೆ. ಬಾನೆಟ್ಟು ಮುಗಿಸಿ ತಿರುಗುವುದರೊಳಗೆ ಹಿಂದಿನ ಚಕ್ರದಲ್ಲಿ ಬಿರುಕು. ಅದಕ್ಕೆ ಒದ್ದೆ ಬಟ್ಟೆ ಸುತ್ತಿ ಇಡುವುದು, ಮರುದಿನ ಬಿಚ್ಚುವುದು. ಶಾಂತಾಳ ಅಡುಗೆಮನೆಯ ಒರಸುವ ಬಟ್ಟೆಗಳೆಲ್ಲ ಒಂದೊಂದಾಗಿ ಟ್ರ್ಯಾಕ್ಟರಿನ ಪಾಲಾದವು. ಕಂಬಿಗಳನ್ನು ಕಡ್ಡಿಯ ತುದಿಯಿಂದ ಒಂದೊಂದೇ ಗೀರಿದೆ. ಒಂದು ಸೊಟ್ಟಗಾದರೂ ಎಲ್ಲ ಅಳಿಸಿ ಮೊದಲಿನಿಂದ ಶುರು. ರೆಡ್ಡಿಯವರು ದಿನಾ ಸಂಜೆ ಬಂದು ಕನ್ನಡಕ ಏರಿಸಿ ನೋಡಿ ತಪ್ಪು ಹೇಳಿ ಹೋಗುತ್ತಿದ್ದರು. ಮುಂದಿನ ಆಕ್ಸಲ್ಲು ದಪ್ಪವಾಯಿತು, ಕೊಳವೆ ಎಡಕ್ಕೆ ಬರಬೇಕು, ಮಡ್‌ಗಾರ್ಡು ಇನ್ನೂ ದುಂಡಗೆ, ಚಿಪ್ಪಿನಂತೆ. ಕಚೇರಿಯಲ್ಲಿ ನನ್ನ ಉಗುರುಗಳ ಕಪ್ಪು ನೋಡಿ ಸಾಹೇಬರು, ಹೊಸ ಮನೆ ಕಟ್ಟಿಸುತ್ತಿದ್ದೀರಾ ಎಂದು ವಿಚಾರಿಸಿದರು. "ಸಾಕು ಬಿಡ್ರಿ, ಅತ್ತಿ ಏನ ಪರೀಕ್ಷಾ ಮಾಡ್ತಾರೇನು?" ಎಂದು ಶಾಂತಾ ಒಂದು ದಿನ ಅಂದೂ ಬಿಟ್ಟಳು. ನಾನು ಬಿಡಲಿಲ್ಲ. ಅತ್ತಿ ಪಕ್ಕದ ಕೋಣೆಯಲ್ಲಿ ಕೂತು, ಮಣ್ಣು ನಾದುವ ಸಪ್ಪಳ ಕೇಳುತ್ತ, "ಆಗಾಕತ್ತೈತೇನೋ ತಮ್ಮಾ?" ಎಂದು ಕೇಳುತ್ತಿದ್ದಳು. ಆ ಪ್ರಶ್ನೆಗೆ ಆಗಿಲ್ಲ ಎಂದು ಹೇಳುವ ಧೈರ್ಯ ನನಗಿರಲಿಲ್ಲ.

ಅಮಾವಾಸ್ಯೆ ಬಂತು. ಅತ್ತಿಯ ಪಟ್ಟಿ ಬಿಚ್ಚಿದ್ದರು, ಆದರೆ ಕನ್ನಡಕ ಇನ್ನೂ ಬಂದಿರಲಿಲ್ಲವಾದ್ದರಿಂದ ಅವಳಿಗೆ ಎಲ್ಲ ಮಂಜು ಮಂಜು. ಮಣೆಯ ಮೇಲೆ ಟ್ರ್ಯಾಕ್ಟರನ್ನಿಟ್ಟು ಒದ್ದೆ ಬಟ್ಟೆ ತೆಗೆದೆ. ನನ್ನ ಬಾಯಿಂದಲೇ ಹೇಳಬಾರದು, ಚೆನ್ನಾಗಿ ಬಂದಿತ್ತು. ಶಾಂತಾ ಕೂಡ ಈ ಸಲ ಯಾವ ಪ್ರಾಣಿಯ ಹೆಸರೂ ಹೇಳಲಿಲ್ಲ. ಅತ್ತಿಯ ಕೈ ಹಿಡಿದು ತಂದು ಕೂಡಿಸಿದೆ. ಅವಳು ಮೊದಲು ಮುಖದ ಮೇಲೆ ಬೆರಳಾಡಿಸಿದಳು. ಕಂಬಿಗಳ ಮೇಲೆ ನಿಧಾನವಾಗಿ ಮೇಲಿಂದ ಕೆಳಗೆ, ಕಿವಿಗಳಂಥ ಲೈಟುಗಳ ಮೇಲೆ ಸುತ್ತ. ಆಮೇಲೆ ಬಾನೆಟ್ಟು ಸವರಿದಳು, ಕೊಳವೆ ಮುಟ್ಟಿದಳು, ಸೀಟು ಮುಟ್ಟಿದಳು. ಎಡಗಡೆಯ ಮಡ್‌ಗಾರ್ಡಿಗೆ ಬಂದು ಕೈ ನಿಂತಿತು. ಅದರ ದುಂಡು ಬೆನ್ನಿನ ಮೇಲೆ ಅಂಗೈ ಇಟ್ಟಳು. ಕೈ ಜಾರಿತು. ಮತ್ತೆ ಇಟ್ಟಳು, ಮತ್ತೆ ಜಾರಿತು.

"ಇದರ ಮ್ಯಾಲ ನಾ ಎಲ್ಲಿ ಕೂಡ್ಲೋ?" ಎಂದಳು.

ಅಷ್ಟೂ ವಾರ ನಾನು ಕಂಬಿಗಳನ್ನು ಗೀರುತ್ತಿದ್ದೆ, ಕೂಡುವವರನ್ನು ನೆನೆಸಿರಲಿಲ್ಲ. ಅತ್ತಿ ಹೇಳಿದಳು: ಟ್ರ್ಯಾಕ್ಟರು ಬಂದ ಮೊದಲ ದಿನ ಮಡ್‌ಗಾರ್ಡಿನ ಮೇಲೆ ಕೂತು ಜಾರಿ ಕೆಸರಿಗೆ ಬಿದ್ದಿದ್ದಳಂತೆ. ಡ್ರೈವರ ನಕ್ಕನಂತೆ. ಮರುದಿನವೇ ಕಮ್ಮಾರನನ್ನು ಅಂಗಳಕ್ಕೆ ಕರೆಸಿ, ಆ ತಗಡನ್ನು ಬಡಿಸಿ ಚಪ್ಪಟೆ ಮಾಡಿಸಿ, ಗೋಣಿಚೀಲ ಹಾಸಿಕೊಂಡು ಕೂತವಳು, ಹೊಲ ಬಸವರಾಜನ ಕೈಗೆ ಬರುವತನಕ ಇಳಿಯಲಿಲ್ಲವಂತೆ. ಹೇಳುತ್ತ ಹೇಳುತ್ತ ತಂಬಿಗೆಯಲ್ಲಿ ಬೆರಳು ಅದ್ದಿ ಮಡ್‌ಗಾರ್ಡನ್ನು ತೋಯಿಸಿದಳು. "ಅತ್ತಿ, ಮಣ್ಣ ಮುಟ್ಟಬ್ಯಾಡ ಅಂದಾರ್ರಿ ಡಾಕ್ಟರು" ಎಂದು ಶಾಂತಾ ಮುಂದೆ ಬಂದಳು. "ಇದು ಮಣ್ಣಲ್ಲ" ಎಂದು ಅತ್ತಿ ಹೆಬ್ಬೆರಳಿನಿಂದ ಆ ದುಂಡು ಬೆನ್ನನ್ನು ಅದುಮಿ ಅದುಮಿ ಚಪ್ಪಟೆ ಮಾಡಿದಳು. ತೃಪ್ತಿಯಾದ ಮೇಲೆ ಕೈ ತೊಳೆದು, ಕುಂಕುಮ ಹಚ್ಚಿ, ಹೂ ಏರಿಸಿ, ಆರತಿ ಮಾಡಿದಳು. ಹೋಳಿಗೆಯ ಎಡೆ ಹಿಡಿದು ಅದಕ್ಕೆ ಏನೋ ಮೆಲ್ಲಗೆ ಹೇಳಿದಳು. ಅದೇನೆಂದು ನಾವು ಯಾರೂ ಕೇಳಲಿಲ್ಲ. ನನಗಂತೂ ಕಣ್ಣು ತುಂಬಿ ಬಂತು. ನನಗೆ ಡಾಕ್ಟರ ನಿರ್ಬಂಧ ಇರಲಿಲ್ಲ.

ಮಧ್ಯಾಹ್ನ ಊಟಕ್ಕೆ ರೆಡ್ಡಿಯವರನ್ನು ಕರೆದಿದ್ದೆವು. ಅವರು ಎಲೆಯ ಮುಂದೆ ಕೂಡುವ ಮೊದಲು ಟ್ರ್ಯಾಕ್ಟರಿನ ಮುಂದೆ ಕೂತರು. ಮುಂದಿನಿಂದ ಹಿಂದಿನವರೆಗೆ ತಲೆದೂಗುತ್ತ ಬಂದವರು ಎಡ ಮಡ್‌ಗಾರ್ಡು ನೋಡಿ ಹೌಹಾರಿದರು. ಬಲಕ್ಕೆ ದುಂಡಗೆ, ಎಡಕ್ಕೆ ಚಪ್ಪಟೆ, ಇಂಥದ್ದನ್ನು ಲೋಕದಲ್ಲಿ ಯಾವ ಕಾರ್ಖಾನೆಯೂ ಮಾಡಿಲ್ಲ, ಕೊನೆಯ ಗಳಿಗೆಯಲ್ಲಿ ಕೆಡಿಸಿಬಿಟ್ಟಿರಲ್ಲ ಎಂದು ಬಹಳ ನೊಂದುಕೊಂಡರು. ನಾನು ಕಮ್ಮಾರನ ಕಥೆ ಹೇಳಿ ಸಮಾಧಾನ ಮಾಡಿ, ಎರಡು ಹೋಳಿಗೆ ಹೆಚ್ಚಿಗೆ ಬಡಿಸಿ ಕಳಿಸಿದೆ. ಅವರು ಹೋದ ಮೇಲೆ ಅತ್ತಿ ಕೇಳಿದಳು.

"ಏನಂದ್ರೋ ಮಾಸ್ತರು?"

"ಭಾಳ ಚಲೋ ಆಗೈತಿ ಅಂದ್ರು. ಎಡಗಡಿ ಮಡ್‌ಗಾರ್ಡ್ ಒಂದು ತಪ್ಪೈತಂತ."

ಅತ್ತಿ ನಕ್ಕಳು. "ಖರೆ ಇರೂದು ಅದೊಂದು. ಉಳಿದದ್ದೆಲ್ಲಾ ಗೌಡಂದು."

ನನಗೆ ಅರ್ಥವಾಗಲಿಲ್ಲ. ಅವಳೇ ಬಿಡಿಸಿ ಹೇಳಿದಳು. ಕಂಬಿ, ಕಿವಿಯಂಥ ಲೈಟು, ಇವು ಗೌಡರ ಟ್ರ್ಯಾಕ್ಟರಿನವು. ಬಂಡಿದಾರಿಯಲ್ಲಿ ದಿನಾ ಎದುರಿಗೆ ಬಂದು ದಾರಿ ಬಿಡದೆ ನಿಲ್ಲುತ್ತಿದ್ದದ್ದು ಅದು. "ನಮ್ಮದರ ಮಾರಿ ನಾವು ಎಲ್ಲಿ ನೋಡಿದ್ವಿ? ಅದರ ಮ್ಯಾಲ ಕುಂತಿರ್ತಿದ್ವಿ. ಎದುರಿಗೆ ಬರ್ತಿದ್ದದ್ದು ಗೌಡಂದು. ಅದ ನಿನಗ ನೆನಪುಳದೈತಿ" ಎಂದಳು. ನಾನು ಬಂಡಿದಾರಿಯನ್ನು ಮತ್ತೆ ನೆನಪಿಸಿಕೊಂಡೆ. ನಿಜ, ಆ ಮುಖ ನನ್ನ ಕಡೆಗೇ ಬರುತ್ತಿತ್ತು.

"ಹಂಗಾರ ಅತ್ತಿ, ನೀ ಈಗ ಆರತಿ ಮಾಡಿದ್ದು ಗೌಡನ ಟ್ರ್ಯಾಕ್ಟರಿಗೆ."

"ಹೂಂ. ಅದಕ್ಕ ಮೊದಲ ಕೂಡಾಕ ಜಾಗಾ ಮಾಡ್ಕೊಂಡೆ."

ಅತ್ತಿ ಎಲೆ ಅಡಿಕೆಯ ತಟ್ಟೆ ಎಳೆದುಕೊಂಡಳು. ನಾನು ಮಣೆಯ ಮುಂದೆ ಹೋಗಿ ಕೂತೆ. ಮಣ್ಣಿಗೂ ಬಿರುಕಿಗೂ ರೆಡ್ಡಿಯವರಿಗೂ ಸೋಲದೆ, ಹಟ ಹಿಡಿದು, ಕಂಬಿ ಕಂಬಿ ಎಣಿಸಿ ನಾನು ಕಟ್ಟಿದ್ದು ಗೌಡರ ಮನೆಯ ಟ್ರ್ಯಾಕ್ಟರನ್ನು. ಹಾಗೆಂದು ಅದು ತೀರ ವ್ಯರ್ಥವೂ ಆಗಿರಲಿಲ್ಲ. ಬದುವಿನ ಜಗಳದಲ್ಲಿ ಊರ ಪಂಚರು ಒಂದು ಗೇಣು ನೆಲ ಕೊಡಿಸಲಾರದೆ ಕೈಬಿಟ್ಟಿದ್ದರು, ನಾನು ಗೌಡರ ಟ್ರ್ಯಾಕ್ಟರನ್ನೇ ಅತ್ತಿಯ ಕೆಳಗೆ ತಂದಿಟ್ಟಿದ್ದೆ. ಇಷ್ಟೆಲ್ಲ ದುಡಿದವನಿಗೂ ಒಂದು ಜಾಗ ಇರಲಿ ಎನಿಸಿತು. ಯಾರೂ ನೋಡುತ್ತಿಲ್ಲವೆಂದು ಖಚಿತ ಮಾಡಿಕೊಂಡು, ಬಲಗಡೆಯ ಮಡ್‌ಗಾರ್ಡಿನ ಮೇಲೆ ಹೆಬ್ಬೆರಳಿಟ್ಟು ಒತ್ತಿದೆ. ಅಷ್ಟರಲ್ಲಿ ಅದು ಒಣಗಿಬಿಟ್ಟಿತ್ತು.